ಹಂದಿಯ ಮಟ್ಟಿಗೆ

ದೊಡ್ಡವ್ವನ ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಸಾಸಿವೆ ಚೆಲ್ಲಿದ ಹಾಗೆ ನೀಲಿಗಪ್ಪು ಚುಕ್ಕೆಗಳಿದ್ದವು. ಹೊಸಬರು ಹಚ್ಚೆ ಎಂದುಕೊಳ್ಳುತ್ತಿದ್ದರು. ಅವು ಬಂದೂಕಿನ ಮದ್ದು ಸಿಡಿದು ಚರ್ಮದೊಳಗೆ ಉಳಿದುಕೊಂಡ ಗುರುತುಗಳು.

ಆಕೆ ನನ್ನ ತಾಯಿಯ ಅಕ್ಕ. ಬುಕ್ಕಸಾಗರದಲ್ಲಿ ಗಂಡನ ಮನೆ, ಕಾಲುವೆಯ ಪಕ್ಕದಲ್ಲಿ ಕಬ್ಬು ಮತ್ತು ಭತ್ತದ ಗದ್ದೆ. ಹಂಪಿಯ ಕಡೆಯ ಬಂಡೆಗುಡ್ಡಗಳಿಂದ ಇಳಿಯುವ ಹಂದಿಗಳು ಒಮ್ಮೆ ಕಬ್ಬಿಗೆ ನುಗ್ಗಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ದೊಡ್ಡಪ್ಪನ ಹತ್ತಿರ ಮದ್ದು ತುಂಬಿ ಹೊಡೆಯುವ ಒಂಟಿನಳಿಗೆಯ ಬಂದೂಕಿತ್ತು. ಕೊನೆಗಾಲದಲ್ಲಿ ಅವನ ಕೈ ನಡುಗತೊಡಗಿದಾಗ ಅಟ್ಟಣೆ ಹತ್ತಿ ಗುಂಡು ಹಾರಿಸಿದವಳು ದೊಡ್ಡವ್ವನೇ. ಮಕ್ಕಳು ಆಟಕ್ಕೆ ಕೋಲು ಹಿಡಿದು ಯಾರತ್ತಲಾದರೂ ಗುರಿಯಿಟ್ಟರೆ ಆಕೆ ಮಾತಾಡದೆ ಬಂದು ಕೋಲಿನ ತುದಿಯನ್ನು ನೆಲಕ್ಕೆ ತಿರುಗಿಸಿ ಹೋಗುತ್ತಿದ್ದಳು.

ದೊಡ್ಡಪ್ಪ ತೀರಿಕೊಂಡ ಮೇಲೆ, ಲೈಸೆನ್ಸು ಅವನ ಹೆಸರಿನಲ್ಲಿತ್ತೆಂದು ಪೊಲೀಸರು ಬಂದೂಕನ್ನು ಠಾಣೆಗೆ ಒಯ್ದರು. ತನ್ನ ಹೆಸರಿಗೆ ಮಾಡಿಕೊಡಿ ಎಂದು ಆಕೆ ಹೊಸಪೇಟೆಯ ಕಚೇರಿಗೆ ಹೋದಳು. ಹೆಂಗಸಿಗೆ ಬಂದೂಕೇಕೆ ಎಂದು ಗುಮಾಸ್ತರು ನಕ್ಕರು. ಅಧಿಕಾರಿ ನಗಲಿಲ್ಲ. ಲೈಸೆನ್ಸೆಂಬುದು ಸರ್ಕಾರ ದಯೆಯಿಂದ ಕೊಡುವಂಥದ್ದು, ಅದನ್ನು ಹಕ್ಕೆಂದು ಯಾರೂ ಕೇಳುವಂತಿಲ್ಲ ಎಂದು ತಿಳಿಸಿ ಹೇಳಿದರು.

"ಕಂದಾಯ ನಾ ದಯೆ ಅಂತ ಕಟ್ಟಂಗಿಲ್ರಿ," ಎಂದಳಂತೆ ದೊಡ್ಡವ್ವ. "ಬೆಳಿ ಕಾಯೋದು ನನ್ನ ಹಕ್ಕು."

ಒಂದು ಸುಗ್ಗಿ ಪೂರ್ತಿ ಅಲೆದಾಡಿಸಿ ಕೊನೆಗೆ ಕೊಟ್ಟರು.

ಆಗ ನಾನು ಮದ್ರಾಸಿನಲ್ಲಿ ವಕೀಲಿ ಓದುತ್ತಿದ್ದೆ. ಪ್ರಜೆಗಳ ಕೈಯಿಂದ ಆಯುಧ ಕಿತ್ತುಕೊಂಡ ಬ್ರಿಟಿಷ್ ಸರ್ಕಾರಕ್ಕೆ ಆಳುವ ಯೋಗ್ಯತೆಯಿಲ್ಲ ಎಂದು ನಾವು ಗೆಳೆಯರು ಊಟದ ಹೊತ್ತಿನಲ್ಲೂ ವಾದಿಸುತ್ತಿದ್ದೆವು. ದೊಡ್ಡವ್ವನ ಕಥೆಯನ್ನು ನಾನು ಅಲ್ಲಿ ಹೆಮ್ಮೆಯಿಂದ ಹೇಳಿದ್ದೆ.

ಮುಂದಿನ ಬೇಸಿಗೆಯಲ್ಲಿ ಕಾಲುವೆಯ ನೀರು ಕಡಿಮೆಯಾಯಿತು. ಮೇಲಿನ ಗದ್ದೆಯವರಿಗೂ ಕೆಳಗಿನವರಿಗೂ ಸರತಿಯ ವಿಷಯಕ್ಕೆ ಮಾತು ಬೆಳೆಯಿತು. ರಜೆಗೆ ಬಂದ ನಾನು ದೊಡ್ಡವ್ವನ ಮನೆಯಲ್ಲಿದ್ದೆ. ಒಂದು ಸಂಜೆ ಆಕೆಯ ಮೈದುನ ಓಡುತ್ತ ಬಂದ. ಕೆಳಗಿನವರು ಕೋಲು ಹಿಡಿದು ತೂಬಿನ ಹತ್ತಿರ ಸೇರಿದ್ದಾರೆ, ಬಂದೂಕು ಬೇಕು ಎಂದ.

"ಹೊಡಿಯಂಗಿಲ್ಲ ಅತ್ತಿಗಿ. ಬರೇ ತೋರಸ್ತೀನಿ."

"ತೋರಸಾಕ ನಾ ಲೈಸೆನ್ಸ್ ತಂದಿಲ್ಲ," ಎಂದಳು ದೊಡ್ಡವ್ವ. "ಹಂದಿಗೆ ಅಂತ ತಂದೀನಿ."

ಅದು ತನ್ನ ಅಣ್ಣನ ಬಂದೂಕು ಎಂದು ಅವನು ನೆನಪಿಸಿದ. ಮನೆತನದ ಮರ್ಯಾದೆಯ ಮಾತೆತ್ತಿದ. ಆಕೆ ನಡುಮನೆಯ ಬಾಗಿಲಿಗೆ ಅಡ್ಡ ನಿಂತವಳು ಕದಲಲಿಲ್ಲ. ಅವನು ಬರಿಗೈಯಲ್ಲಿ ಹೋದ. ಆ ಜಗಳದಲ್ಲಿ ಯಾರೂ ಸಾಯಲಿಲ್ಲ. ಆದರೆ ಮೈದುನನ ಬಲಗೈ ಮುರಿಯಿತು, ಕೂಡಿಕೊಂಡದ್ದು ಸೊಟ್ಟಗೆ. ಬಂದೂಕು ಕಂಡಿದ್ದರೆ ಒಬ್ಬನೂ ಕೋಲೆತ್ತುತ್ತಿರಲಿಲ್ಲ ಎಂದು ಅವನು ಎಲ್ಲರಿಗೂ ಹೇಳಿದ. ಅರ್ಧ ಊರು ಹೌದೆಂದಿತು. ಆಮೇಲೆ ಅವನು ಆಕೆಯ ಹೊಸ್ತಿಲು ತುಳಿಯಲಿಲ್ಲ.

ಜಗಳದ ಮರುದಿನ ದೊಡ್ಡವ್ವ ಬಂದೂಕನ್ನು ಬಂಡಿಯಲ್ಲಿಟ್ಟುಕೊಂಡು ಠಾಣೆಗೆ ಒಪ್ಪಿಸಲು ಹೊರಟಳು. ದಾರಿಯುದ್ದಕ್ಕೂ ನಾನು ವಾದಿಸಿದೆ. ಹೋರಾಡಿ ಪಡೆದ ಹಕ್ಕನ್ನು ನಾವೇ ಹಿಂದಿರುಗಿಸಿದರೆ ಅವರು ಮತ್ತೆ ಕೊಡುವುದಿಲ್ಲ ಎಂದೆ.

"ಬಂದೂಕು ನಂದು, ಖರೆ," ಎಂದಳು. "ಅದರ ಮುಂದ ನಿಂತಾವನ ಜೀವ ನಂದಲ್ಲಲ್ಲ, ತಮ್ಮಾ. ಇವರ ಸಿಟ್ಟು ಇಳಿಯೋ ತನಕ ಅದು ಅಲ್ಲೇ ಇರ್ಲಿ."

ನನ್ನ ಮಾತೇ ನಿಜವಾಯಿತು. ಊರು ತಣ್ಣಗಾದ ಮೇಲೆ ಕಚೇರಿಯಲ್ಲಿ ಕೇಳಿದರೆ, ನೀವಾಗಿಯೇ ಒಪ್ಪಿಸಿದ್ದೀರಿ, ಅಂದರೆ ಅಗತ್ಯವಿಲ್ಲ ಎಂದರು. ಆ ವರ್ಷ ಹಂದಿಗಳು ಅರ್ಧ ಕಬ್ಬನ್ನು ಹಾಳುಮಾಡಿದವು. ಆಕೆ ಅಟ್ಟಣೆಯ ಮೇಲೆ ಕೂತು ಸೀಮೆಎಣ್ಣೆ ಡಬ್ಬಿ ಬಡಿದಳು.

ನಾನು ಹೊಸಪೇಟೆಯಲ್ಲಿ ವಕೀಲಿ ಶುರುಮಾಡಿದಾಗ ಬರೆದ ಮೊದಲ ಅರ್ಜಿ ಆಕೆಯದು. ಹಕ್ಕು ಎಂದರೆ ಸಾಹೇಬರು ಸಿಟ್ಟಾದಾರು, ವಿನಂತಿ ಎಂದು ಬರೆಯಲೇ ಎಂದು ಕೇಳಿದೆ.

"ಹಕ್ಕು ಅಂತನ ಬರಿ," ಎಂದಳು. "ಅದರ ಕೆಳಗ, ಹಂದಿ ಮಟ್ಟಿಗೆ ಅಂತ ಬರಿ."

ಹಾಗೆಯೇ ಬರೆದೆ. ತಿರಸ್ಕರಿಸಿದರು. ಮತ್ತೆ ಬರೆದೆ. ಅಂದಿನಿಂದ ಯಾರ ಹಕ್ಕಿನ ಪರವಾಗಿ ನಿಂತರೂ ಅದು ಎಲ್ಲಿಯವರೆಗೆ ಎಂಬುದನ್ನು ಮೊದಲು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕಾಲೇಜಿನಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ.

ಕೊನೆಯ ಅರ್ಜಿಗೆ ಉತ್ತರ ಬರುವ ಮೊದಲೇ ಜ್ವರ ಬಂದು ದೊಡ್ಡವ್ವ ತೀರಿಕೊಂಡಳು. ಮೈದುನ ಮಣ್ಣಿಗೆ ಬಂದ, ಸೊಟ್ಟ ಕೈಯಿಂದಲೇ ಹಿಡಿ ಮಣ್ಣು ಹಾಕಿದ. ಕಾಲುವೆಯ ಏರಿಯ ಮೇಲೆ ನಾವಿಬ್ಬರೇ ಹಿಂದಿರುಗುತ್ತಿದ್ದೆವು.

"ಆವತ್ತು ಆಕಿ ಬಂದೂಕು ಕೊಡಬೇಕಿತ್ತು," ಎಂದ.

ಅವನು ತುಸು ದೂರ ನಡೆದು, ನೀರಿನ ಕಡೆ ನೋಡುತ್ತ ನಿಂತ.

"ಕೊಟ್ಟಿದ್ರ ನಾ ಹೊಡದ ಬಿಡ್ತಿದ್ದೆ."