ಚುಕ್ಕಿ ಹತ್ತಿದ ಗಾಡಿ

ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಎದ್ದು, ಅವುಗಳ ಕ್ಯಾಂಟೀನುಗಳಿಗೆ ಹಾಲು ಸಾಲದೆ ಹೋಗುತ್ತಿದ್ದ ಕಾಲ ಅದು. ಕೈಲಾಂಚದ ಕಡೆಯ ನಮ್ಮೂರಿನಲ್ಲಿ ಎರಡು ಹಸು ಕಟ್ಟುತ್ತಿದ್ದ ಮನೆಗಳು ಆರು ಕಟ್ಟಿದವು. ನಾವು ಹದಿನಾಲ್ಕು ಕಟ್ಟಿದೆವು. ಆ ದಿನಗಳನ್ನು ನೆನೆದು ಬೆಣ್ಣೆ, ಮಜ್ಜಿಗೆ, ಗಿಣ್ಣು ಎನ್ನುವವರು ನಮ್ಮ ನೆಂಟರಲ್ಲೇ ಇದ್ದಾರೆ. ನನಗೆ ಮಾತ್ರ ಹಲಸಿನ ಹಣ್ಣಿನ ವಾಸನೆ ಬರುತ್ತದೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ. ಈ ಕತೆಯನ್ನು ಒಪ್ಪವಾಗಿ ಹೇಳಲು ಹೋದಾಗಲೆಲ್ಲ ಅದು ಸುಳ್ಳಾಗಿದೆ.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ಒಂದು ಹಸು ಕರು ಹಾಕಲಾಗದೆ ಒದ್ದಾಡಿತು. ರಾಮನಗರದ ದನದ ಆಸ್ಪತ್ರೆಗೆ ಒಯ್ಯಲು ಗಾಡಿ ಹುಡುಕುವಷ್ಟರಲ್ಲಿ ತಾಯಿ ಕರು ಎರಡೂ ಹೋದವು. ಹೂಳಿ ಬಂದ ಅಪ್ಪ ಕೈ ಕೂಡ ತೊಳೆಯದೆ ಜಗಲಿಯ ಮೇಲೆ ಕೂತು, "ಗಾಡಿ ತಗೋಬೇಕು ಕಣವ್ವ" ಎಂದ. ಅಜ್ಜಿ, ಅಂದರೆ ಅಪ್ಪನ ತಾಯಿ, "ಹಾಲಿನ ಕ್ಯಾನು, ಹುಲ್ಲು, ಬೂಸಾ ಏನಾರ ಹೇರ್ಕೋ. ಮೊದ್ಲು ಅದ್ರಾಗೆ ಒಂದು ಹಸ ನಿಂತ್ಕೋಬೇಕು" ಎಂದಳು.

ಕೊಟ್ಟಿಗೆಯಲ್ಲಿ ಅಜ್ಜಿಯ ಮಾತೇ ಮಾತು. ಅವಳದೊಂದು ಪದ್ಧತಿಯಿತ್ತು. ಹೊಸ ಹಗ್ಗ, ಹೊಸ ಬಾನಿ, ಹೊಸ ಬಕೆಟ್ಟು, ಏನೇ ಬಂದರೂ ಮೊದಲು ಚುಕ್ಕಿ ಮೂಸಬೇಕು. ಚುಕ್ಕಿ ನಮ್ಮ ಹಿರೀ ಹಸು, ಕಪ್ಪು ಮೈ, ಹಣೆಯಲ್ಲಿ ಬೆರಳಿನಷ್ಟು ಬಿಳಿ. ಅವಳು ಮೂಸಿ ಸುಮ್ಮನಿದ್ದರೆ ಸರಿ, ಬುಸ್ ಎಂದರೆ ವಾಪಸ್. ಒಂದು ಸಲ ಸಂತೆಯಿಂದ ತಂದ ಹಗ್ಗವನ್ನು ಅಜ್ಜಿ ಹೀಗೇ ವಾಪಸ್ ಕಳಿಸಿದ್ದಳು. ಅಂಗಡಿಯವನು ನಕ್ಕರೂ ಬೇರೆ ಹಗ್ಗ ಕೊಟ್ಟನಂತೆ.

ಗಾಡಿಗೂ ಇದೇ ಆಯಿತು. ಚುಕ್ಕಿ ಯಾವುದಕ್ಕೆ ಹತ್ತುತ್ತಾಳೋ ಅದು ನಮ್ಮದು.

ಬ್ರೋಕರ್ ಬೋರಣ್ಣ ಒಂದೇ ದಿನ ಎರಡು ಗಾಡಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ನಾಲ್ಕನೇ ಕ್ಲಾಸು ಮುಗಿದ ಬೇಸಿಗೆ ರಜ, ಹಲಸಿನ ಕಾಲ. ಮೊದಲನೆಯದು ನಾಲ್ಕು ಗಾಲಿಯ ಹಳೇ ಪಿಕಪ್ಪು. ಬೂದು ಬಣ್ಣ, ಸುತ್ತಲೂ ಎದೆಮಟ್ಟದ ಕಬ್ಬಿಣದ ಕಟಾಂಜನ. ಅದು ವರ್ಷಗಟ್ಟಲೆ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಓಡಾಡಿದ ಗಾಡಿ. ಹತ್ತಿರ ಹೋದರೆ ಸತ್ತ ಹುಳುವಿನ ನಾತ. ಎರಡನೆಯದು ಮೂರು ಗಾಲಿಯ ಲಗೇಜ್ ಆಟೋ, ಹೆಚ್ಚುಕಡಿಮೆ ಹೊಸದು. ನನ್ನ ನೆನಪಿನಲ್ಲಿ ಅದು ನೀಲಿ. ಹಳದಿ ಎಂದು ಚಿಕ್ಕಪ್ಪ ಇವತ್ತಿಗೂ ಜಗಳವಾಡುತ್ತಾರೆ. ಅದರಲ್ಲಿ ಟೇಪ್ ರೆಕಾರ್ಡರ್ ಇತ್ತು ಎನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ರಜ ಮುಗಿದರೆ ನಾನು ರಾಮನಗರದ ಹೊಸ ಸ್ಕೂಲಿಗೆ ಹೋಗಬೇಕಿತ್ತು. ಹಾಲು ಹಾಕಲು ಹೋಗುವಾಗ ಅಪ್ಪ ನನ್ನನ್ನು ಗೇಟಿನ ಮುಂದೆ ಇಳಿಸುವುದೆಂದು ಮಾತಾಗಿತ್ತು. ಹಳೇ ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವವಳು ಒಂದು ದಿನ ಮೂಗು ಮುಚ್ಚಿಕೊಂಡು, "ನೀನು ಸಗಣಿ ವಾಸ್ನೆ ಕಣೇ" ಎಂದಿದ್ದಳು. ಇನ್ನು ಅದರ ಮೇಲೆ ಸತ್ತ ಹುಳುವಿನ ನಾತವೂ ಸೇರಿದರೆ? ನನಗೆ ಆ ಆಟೋ ಬೇಕಾಗಿತ್ತು. ಅಷ್ಟು ಬೇಕಾದದ್ದು ಆಮೇಲೆ ನನ್ನ ಬದುಕಿನಲ್ಲಿ ಯಾವುದೂ ಇಲ್ಲ.

ದೊಡ್ಡವರೆಲ್ಲ ಜಗಲಿಯ ಮೇಲೆ ಮಜ್ಜಿಗೆ ಕುಡಿಯುತ್ತಿದ್ದರು. ಹಿತ್ತಲಲ್ಲಿ ಅವ್ವ ಬೆಳಿಗ್ಗೆ ಕುಯ್ದ ಹಲಸಿನ ಸಿಪ್ಪೆ ಕುಕ್ಕೆಯಲ್ಲಿ ಬಿದ್ದಿತ್ತು. ಹಲಸಿನ ಸಿಪ್ಪೆ ಎಂದರೆ ಚುಕ್ಕಿಗೆ ಜೀವ. ನಾನು ಎರಡೂ ಕೈ ತುಂಬ ಬಾಚಿಕೊಂಡು ಹಿಂದಿನಿಂದ ಸುತ್ತಿ ಹೋದೆ. ಆಟೋದ ಮುಂದಿನ ಮೂಲೆಯಲ್ಲಿ ಸಿಪ್ಪೆ ಸುರಿದು ಮೇಲೊಂದು ಗೋಣಿಚೀಲ ಮುಚ್ಚಿದೆ. ಯಾರೂ ನೋಡಲಿಲ್ಲ.

ತಿಪ್ಪೆಯ ಪಕ್ಕದ ದಿಣ್ಣೆಗೆ ಮೊದಲು ಪಿಕಪ್ಪನ್ನು ರಿವರ್ಸ್ ತಂದು ಒತ್ತರಿಸಿದರು. ಚುಕ್ಕಿ ಮೂಸಿದಳು, ಸೀನಿದಳು, ಒಂದು ಮುಂಗಾಲು ಒಳಗಿಟ್ಟು ನಿಂತುಬಿಟ್ಟಳು.

"ಎಳಿಯೋ ರವಿ" ಎಂದ ಬೋರಣ್ಣ ಚಿಕ್ಕಪ್ಪನಿಗೆ.

"ಎಳೀಬ್ಯಾಡ್ರಲಾ. ಯೋಚ್ನೆ ಮಾಡ್ತಾವ್ಳೆ, ಒಸಿ ತಡೀರಿ" ಎಂದಳು ಅಜ್ಜಿ.

"ಅಜ್ಜಿ, ಅವ್ಳು ಯೋಚ್ನೆ ಮಾಡಿ ಮುಗ್ಸೋ ಹೊತ್ಗೆ ಡೀಸೆಲ್ಲೇ ಮುಗ್ದೋಯ್ತದೆ" ಎಂದ ಬೋರಣ್ಣ.

"ನಿನ್ನ ಮದ್ವೇಲಿ ಒಸಿ ಯೋಚ್ನೆ ಮಾಡಿದ್ರೆ ನಿನ್ನೆಂಡ್ರು ಸುಖವಾಗಿರೋಳು. ಸುಮ್ಕಿರ್ಲಾ."

ಎಲ್ಲರೂ ನಕ್ಕರು. ಚುಕ್ಕಿ ಇನ್ನೊಂದು ಕಾಲೆತ್ತಿದ ಹಾಗೆ ನನಗೆ ಕಾಣುತ್ತದೆ. ಎತ್ತಿದ್ದಳೋ, ಆಮೇಲೆ ನೆನಪಿನಲ್ಲಿ ನಾನೇ ಎತ್ತಿಸಿದೆನೋ ಗೊತ್ತಿಲ್ಲ. ಅಷ್ಟರಲ್ಲಿ ಅಪ್ಪ, "ಇನ್ನೊಂದು ನೋಡನ ತಾಳಿ" ಎಂದು ಅವಳನ್ನು ಇಳಿಸಿದ.

ಆಟೋ ದಿಣ್ಣೆಗೆ ಬಂದು ನಿಂತಿತು. ಚುಕ್ಕಿ ಮೂಗು ಚಾಚಿದಳು, ಎರಡೇ ಹೆಜ್ಜೆಗೆ ಒಳಗೆ ಹೋದಳು, ಮೂತಿಯಿಂದ ಗೋಣಿಚೀಲ ಸರಿಸಿದಳು. ಅವಳ ಭಾರಕ್ಕೆ ಆಟೋ ಒಂದು ಕಡೆಗೆ ವಾಲಿತು. ಅದನ್ನು ಎಲ್ಲರೂ ನೋಡಿದೆವು.

"ನೋಡಣ್ಣ, ಹಸೂಗೆ ಗಾಡಿನೇ ತಲೆ ಬಗ್ಸ್ತು!" ಎಂದ ಬೋರಣ್ಣ.

ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, "ಹತ್ತುದ್ಲಲ್ಲ. ಆಗ್ಲಿ" ಎಂದಳು.

ಸಂಜೆ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದು, ಮೊಣಕೈವರೆಗೂ ಹರಳೆಣ್ಣೆ ಹಚ್ಚಿ ಹಲಸಿನ ಅಂಟು ತಿಕ್ಕಿ ತಿಕ್ಕಿ ತೆಗೆದಳು. ಅವಳ ಅಂಗೈ ಒರಟು ಎನ್ನುವುದಷ್ಟೇ ಅಂದು ನನ್ನ ತಲೆಗೆ ಹೋದದ್ದು.

ಹೊಸ ಸ್ಕೂಲಿಗೆ ನಾನು ಹಾಡು ಕೇಳುತ್ತ ಹೋದೆ. ಒಂದು ತಿಂಗಳೋ, ನಲವತ್ತು ದಿನವೋ.

ಆಷಾಢದ ಒಂದು ಬೆಳಿಗ್ಗೆ ಚುಕ್ಕಿಗೆ ಹೆರಿಗೆ ಕಷ್ಟವಾಯಿತು. ಕರು ಅಡ್ಡ ತಿರುಗಿದೆ, ಆಸ್ಪತ್ರೆಗೆ ತನ್ನಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಅಪ್ಪನ ಮುಖದಲ್ಲಿ ಗಾಬರಿ ಇರಲಿಲ್ಲ. ಈ ಸಲ ಗಾಡಿ ಇತ್ತು. ಚುಕ್ಕಿಯನ್ನು ಹತ್ತಿಸಿದರು, ಚಿಕ್ಕಪ್ಪ ಹಿಂದೆ ಹಗ್ಗ ಹಿಡಿದು ನಿಂತರು. ನಾನು ಯೂನಿಫಾರಂ ಹಾಕಿಕೊಂಡು, ಯಾರೂ ಕರೆಯದೆಯೇ, ಅಪ್ಪನ ಪಕ್ಕ ತೂರಿ ಕೂತೆ. ಅಜ್ಜಿ ದಿಣ್ಣೆಯ ಮೇಲೆ ನಿಂತು, "ನಿಧಾನುಕ್ ಓಗ್ರಪ್ಪ" ಎಂದಳು.

ಕೆರೆ ಏರಿಯ ತಿರುವಿನಲ್ಲಿ ಚುಕ್ಕಿ ನೋವಿಗೆ ಮಗ್ಗುಲು ಬದಲಿಸಿದಳು. ಅಷ್ಟೇ. ಹ್ಯಾಂಡಲ್ ಅಪ್ಪನ ಕೈಯಿಂದ ಜಾರಿದ್ದು, ಆಕಾಶ ಪಕ್ಕಕ್ಕೆ ಬಂದದ್ದು, ಆಮೇಲೆ ನಾನು ಹುಲ್ಲಿನ ಮೇಲೆ ಕೂತಿದ್ದೆ. ನನಗೆ ಒಂದು ಗೀರೂ ಇಲ್ಲ. ಚಿಕ್ಕಪ್ಪ ಹಾರಿಕೊಂಡಿದ್ದರು. ಅಪ್ಪ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, "ಮಗ, ಮಗ" ಎನ್ನುತ್ತಿದ್ದ. ಆಟೋ ಮಗುಚಿ ಬಿದ್ದಿತ್ತು, ಮುಂದಿನ ಗಾಲಿ ತಿರುಗುತ್ತಲೇ ಇತ್ತು. ಟೇಪ್ ನಿಂತಿರಲಿಲ್ಲ. ಚುಕ್ಕಿ ರಸ್ತೆಯ ಮೇಲಿದ್ದಳು. ಅವಳ ಕಣ್ಣು ನನ್ನ ಕಡೆ ತೆರೆದಿತ್ತು. ಹೊಟ್ಟೆ ಇನ್ನೂ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಅಲ್ಲಿ ನನಗೆ ಹಲಸಿನ ವಾಸನೆ ಬಂತು. ನಮ್ಮ ಮನೆಯಲ್ಲಿ ಹಲಸು ಮುಗಿದು ಎಷ್ಟೋ ದಿನವಾಗಿತ್ತು. ಆದರೂ ಬಂತು. ಇವತ್ತೂ ಆ ರಸ್ತೆಯಲ್ಲಿ ಬರುತ್ತದೆ.

ಸುದ್ದಿ ಮುಟ್ಟಿ ಅಜ್ಜಿ ಕೆರೆ ಏರಿಗೆ ನಡೆದು ಬಂದಳು. ಅಳಲಿಲ್ಲ. ಚುಕ್ಕಿಯ ಹಣೆಯ ಬಿಳಿಯ ಮೇಲೆ ಕೈಯಿಟ್ಟು, "ನಾನೇ ಹತ್ತುಸ್ಬುಟ್ಟೆ ಕಣವ್ವ" ಎಂದಳು. "ಅಲ್ಲ ಅಜ್ಜಿ, ನಾನು" ಎನ್ನಲು ಬಾಯಿ ತೆರೆದೆ. ಹೇಳದೆ, ಎರಡೂ ಕೈಯನ್ನು ಯೂನಿಫಾರಮ್ಮಿಗೆ ಒರೆಸಿಕೊಂಡೆ. ಅದಾದ ಮೇಲೆ ಅಜ್ಜಿ ಯಾವ ಹಸುವಿಗೂ ಏನನ್ನೂ ಮೂಸಿಸಲಿಲ್ಲ. ಹೊಸ ಹಗ್ಗ ಬಂದರೆ ನೇರವಾಗಿ ಕಟ್ಟುವಳು. ನಾನು ಹೇಳುವ ಮೊದಲೇ ಅವಳು ತೀರಿಕೊಂಡಳು.

ಕಳೆದ ತಿಂಗಳು ಅಪ್ಪ ಫೋನ್ ಮಾಡಿದ. ನಮ್ಮಲ್ಲೀಗ ಐದೇ ಹಸು. ಹುಲ್ಲು ಬೆಳೆಯುತ್ತಿದ್ದ ಹೊಲದ ಪಕ್ಕ ಫ್ಯಾಕ್ಟರಿಯ ಕಾಂಪೌಂಡು ಬಂದಿದೆ, ಹುಲ್ಲು ದೂರದಿಂದ ತರಬೇಕು. ಒಂದು ಪಿಕಪ್ಪು ನೋಡೋಣ ಬಾ ಎಂದ. ರಾಮನಗರದ ಶೋರೂಮಿಗೆ ಹೋದೆವು. ಸೇಲ್ಸ್ ಹುಡುಗಿ ಮೈಲೇಜು, ಕಂತು ಎಂದು ಹೇಳುತ್ತಿರುವಾಗ, ಆ ಬಿಳಿ ಗಾಡಿಯ ಹಿಂದೆ ನಿಂತು, ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ನಾನು ಹೇಳಿಬಿಟ್ಟೆ. ಸಿಪ್ಪೆ, ಗೋಣಿಚೀಲ, ಎಲ್ಲವನ್ನೂ.

ಅಪ್ಪ ನನ್ನನ್ನು ಬೆರಗಿನಿಂದ ನೋಡಿದ. ನಾನು ಕಾದಿದ್ದ ಬೆರಗು ಅದಲ್ಲ.

"ಯಾರ್ಗೂ ಗೊತ್ತಿಲ್ಲ ಅನ್ಕೊಂಡಿದ್ಯ? ಅಲ್ಲ ಕಣವ್ವ, ಹಲಸಿನ ಸಿಪ್ಪೆ ಮೇಲೆ ಗೋಣಿ ಹಾಕುದ್ರೆ ವಾಸ್ನೆ ನಿಂತದ? ಅಂಗಳುಕ್ಕೆಲ್ಲ ಹೊಡೀತಿತ್ತು. ನೊಣ ಮುತ್ಕೊಂಡಿದ್ವು."

ಇಪ್ಪತ್ತು ವರ್ಷ ನೆನಪಿನಲ್ಲಿ ಎಷ್ಟು ಸಲ ಆ ಅಂಗಳಕ್ಕೆ ಹೋಗಿ ಬಂದಿದ್ದೇನೆ! ಅಲ್ಲಿದ್ದವರ ಮುಖಕ್ಕೆ ಮೂಗು ಇಟ್ಟಿರಲೇ ಇಲ್ಲ.

"ಮತ್ಯಾಕ್ ಸುಮ್ನಿದ್ದೆ?"

ಅಪ್ಪ ಗಾಡಿಯ ಬಣ್ಣ ಉಜ್ಜುತ್ತ ನಿಂತ. "ನಂಗೂ ಆ ಆಟೋನೇ ಬೇಕಿತ್ತು. ಆ ಗೂಡಿನ ಗಾಡೀಲಿ ಫ್ಯಾಕ್ಟರಿ ಗೇಟಿಗೋದ್ರೆ ವಾಚ್‌ಮನ್ ಏನಂದಾನು ಅಂತ. ರವೀಗೆ ಟೇಪು. ಬೋರಣ್ಣುಂಗೆ ಯಾವ್ದಾದ್ರೂ ಒಂದು ಹೋದ್ರೆ ಸಾಕು."

"ಅಜ್ಜಿ?"

"ನಿಮ್ಮಜ್ಜಿಗೆ ಮೂಗಿರ್ನಿಲ್ವ? ಹೊರಗ್ನೋರ ಮುಂದೆ ಕೂಸಿನ ಮಾನ ತೆಗೀಬಾರ್ದು ಅಂತ ಸುಮ್ನಾದ್ಲು. ನಿನ್ ಕೈಗೆ ಎಣ್ಣೆ ತಿಕ್ಕಿದ್ದು ಯಾಕೆ ಮತ್ತೆ?"

ತಪ್ಪು ನನ್ನದಾಗಿತ್ತು, ನನ್ನೊಬ್ಬಳದೇ. ಅದನ್ನು ಸಾಕಿಕೊಂಡೇ ದೊಡ್ಡವಳಾಗಿದ್ದೆ. ಈಗ ಅದು ಐದು ಪಾಲಾಯಿತು, ಹಗುರವೇನೂ ಆಗಲಿಲ್ಲ. ಎಲ್ಲರಿಗೂ ಗೊತ್ತಿದ್ದು, ವಾಲಿದ್ದನ್ನೂ ಎಲ್ಲರೂ ನೋಡಿ, ತೀರ್ಮಾನವನ್ನು ಒಂದು ಹಸುವಿನ ಮೇಲೆ ಬಿಟ್ಟಿದ್ದೆವು. ನಮ್ಮ ಮನೆಯಲ್ಲಿ ಬೇಡ ಎನ್ನಬಲ್ಲ ಮೂಗು ಒಂದಿತ್ತು. ಅದಕ್ಕೆ ನಾವೇ ಸಿಪ್ಪೆ ತಿನ್ನಿಸಿದೆವು. ಅದರ ಜೊತೆ ಅಜ್ಜಿಯ ಪದ್ಧತಿಯೂ ಹೋಯಿತು. ಹೋದ ವರ್ಷ ಬಂದ ಹಾಲು ಕರೆಯುವ ಮಿಷನ್ನನ್ನು ಯಾರೂ ಯಾವ ಹಸುವಿನ ಮುಂದೆಯೂ ಹಿಡಿಯಲಿಲ್ಲ.

ಸೇಲ್ಸ್ ಹುಡುಗಿ, "ಏನು ಲೋಡ್ ಮಾಡ್ತೀರ ಸಾರ್?" ಎಂದಳು.

"ದನ" ಎಂದ ಅಪ್ಪ. ಚಪ್ಪಲಿ ಬಿಟ್ಟ. ನೆಟ್ಟಗಾಗದ ಆ ಎಡಗೈಯನ್ನು ಬದಿಗಿಟ್ಟು, ಬಲಗೈ ಊರಿ ಗಾಡಿಯ ಹಿಂಭಾಗಕ್ಕೆ ಹತ್ತಿದ. ಮೂಲೆಗೆ ಹೋಗಿ ಬಗ್ಗಿ ಒಮ್ಮೆ ಮೂಸಿದ. ಆಮೇಲೆ ಕಾಲಗಲಿಸಿ ನಿಂತು, ನೋವಿನಲ್ಲಿರುವ ಹಸುವಿನ ಹಾಗೆ, ಇಡೀ ಮೈಭಾರವನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಎಸೆಯತೊಡಗಿದ.

"ನಾನೊಬ್ನೇ ಸಾಕಾಗಕ್ಕಿಲ್ಲ" ಎಂದ ಏದುಸಿರು ಬಿಡುತ್ತ. "ನೀನೂ ಹತ್ತವ್ವ."

ನಾನೂ ಚಪ್ಪಲಿ ಬಿಟ್ಟೆ.