ಕತ್ತಲೆ ಕಾಣದ ಕಣಜಗಳು

ನೊಣವಿನಕೆರೆ ಕಡೆ ತೆಂಗಿಗೆ ಕಪ್ಪುತಲೆ ಹುಳ ಬಿದ್ದು ಗರಿಯೆಲ್ಲ ಸುಟ್ಟಂತೆ ಒಣಗಿದರೆ ನಾವು ಔಷಧಿ ಅಂಗಡಿಗೆ ಓಡುವುದಿಲ್ಲ, ಶಾಂತಕುಮಾರಿಯ ಹತ್ತಿರ ಹೋಗುತ್ತೇವೆ. ಬೆಳೆಗಾರರ ಕೇಂದ್ರವೊಂದರ ಕೋಣೆಯಲ್ಲಿ ಆಕೆ ಕಣಜ ಸಾಕುತ್ತಾಳೆ. ಹೆಸರು ಕೇಳಿ ಹೆದರಬೇಡಿ, ಇರುವೆಗಿಂತ ದೊಡ್ಡದಲ್ಲ. ಮರಕ್ಕೆ ಬಿಟ್ಟರೆ ಹುಳವನ್ನು ಹುಡುಕಿ ಅದರ ಮೈಮೇಲೇ ಮೊಟ್ಟೆ ಇಡುತ್ತದೆ, ಮರಿಗಳು ಹುಳವನ್ನು ತಿಂದು ಮುಗಿಸುತ್ತವೆ. ನನ್ನ ಎಂಬತ್ತು ಮರ ಉಳಿದದ್ದು ಹಾಗೆ. ಆದ್ದರಿಂದ ನಾನು ಆಕೆಯ ಪಕ್ಷ, ಮೊದಲೇ ಹೇಳಿಬಿಡುತ್ತೇನೆ.

ಆ ಕೋಣೆಗೆ ಕಿಟಕಿಯಿಲ್ಲ. ಟ್ಯೂಬ್‌ಲೈಟು ಹಗಲೂ ರಾತ್ರಿ ಉರಿಯುತ್ತಿತ್ತು. ಮೊದಲು ಕೆಲಸ ಕಲಿಸಿದ ಸಾಹೇಬರು, ತಾವು ಬರುವವರೆಗೂ ಲೈಟು ಆರಿಸಬೇಡಿ ಎಂದು ಹೇಳಿ ಹೋದವರು ವರ್ಗವಾಗಿ ತಿರುಗಿ ಬರಲೇ ಇಲ್ಲ. ಯಾಕೆ ಎಂದು ಕೇಳುವ ಜಾಯಮಾನ ನಮ್ಮ ಕಡೆಯವರದ್ದಲ್ಲ. ದೊಡ್ಡವರು ಹೇಳಿದರು, ಮುಗಿಯಿತು. ಶಾಂತಕುಮಾರಿ ಹದಿನಾಲ್ಕು ವರ್ಷ ಆರಿಸಲಿಲ್ಲ, ಕರೆಂಟು ಹೋದರೆ ಬ್ಯಾಟರಿಗೆ ಹಾಕಿದಳು. ಎರಡು ವಾರಕ್ಕೊಂದು ತಲೆಮಾರಿನಂತೆ ಮುನ್ನೂರೈವತ್ತು ತಲೆಮಾರು ಆ ಬೆಳಕಿನಲ್ಲೇ ಹುಟ್ಟಿದವು.

ಕಳೆದ ವರ್ಷ ಜ್ಞಾನೇಶ್ ಎಂಬ ಹೊಸ ಅಧಿಕಾರಿ ಬಂದರು. ಮೂವತ್ತು ದಾಟಿಲ್ಲ, ಚೆನ್ನಾಗಿ ಓದಿಕೊಂಡವರು. ತೋಟದಲ್ಲಿ ಈ ಕಣಜ ಬೆಳಗಿನ ಹೊತ್ತು ಗೂಡೊಡೆದು ಹೊರಬರುತ್ತದಂತೆ. ಕೋಣೆಯಲ್ಲಿ ಮಧ್ಯಾಹ್ನ, ಸಂಜೆ, ಹೊತ್ತು ಗೊತ್ತಿಲ್ಲದೆ ಬರುತ್ತಿದ್ದವು. ಪ್ರತಿ ಜೀವಿಯೊಳಗೂ ಒಂದು ಗಡಿಯಾರವಿದೆ, ಬಳಸದ್ದು ತಲೆಮಾರು ಕಳೆದಂತೆ ಅಳಿದುಹೋಗುತ್ತದೆ, ಈ ತಳಿಗೆ ಆಗಿರುವುದು ಅದೇ ಎಂದು ಅವರು ತೀರ್ಮಾನಿಸಿದರು. ಹೊತ್ತು ತಪ್ಪಿದ ತಳಿಯನ್ನು ಇನ್ನು ನಂಬುವಂತಿಲ್ಲ, ಎಲ್ಲವನ್ನೂ ಬಿಸಿನೀರಿಗೆ ಹಾಕಿ ಸಾಯಿಸಿ, ಹೊಸ ತಳಿ ತರಿಸೋಣ ಎಂದರು.

ಶಾಂತಕುಮಾರಿ ಅದಕ್ಕೆ ಒಪ್ಪಲಿಲ್ಲ. ಲೈಟು ಆರಿಸದವಳು ತಾನೇ ಅಲ್ಲವೇ. "ಹತ್ತು ದಿನ ಕೊಡಿ ಸಾರ್" ಎಂದು ಕೇಳಿಕೊಂಡಳು. ಜ್ಞಾನೇಶ್ ಒಳ್ಳೆಯವರು, ಕೊಟ್ಟರು. ಪರೀಕ್ಷೆ ಹೇಗೆ ಮಾಡಬೇಕೆಂದೂ ಅವರೇ ಹೇಳಿದರು: ನಾಲ್ಕು ದಿನ ಹಗಲು ರಾತ್ರಿ ತೋರಿಸಿ ಆಮೇಲೆ ಪೂರ್ತಿ ಕತ್ತಲೆಯಲ್ಲಿಡಿ, ಗಡಿಯಾರ ಉಳಿದಿದ್ದರೆ ಅಲ್ಲೂ ಬೆಳಗಿನ ಹೊತ್ತಿಗೇ ಹೊರಬರುತ್ತವೆ.

ಕಣಜದ ಮರಿಗಳು ಆಗಷ್ಟೇ ಗೂಡು ಕಟ್ಟಿದ್ದ ನಾಲ್ಕು ಗಾಜಿನ ಟ್ಯೂಬುಗಳನ್ನು ಆಕೆ ಮನೆಗೆ ತಂದು ನಾಲ್ಕು ದಿನ ಜಗುಲಿಯಲ್ಲಿಟ್ಟಳು. ಎಲ್ಲರಿಗೂ ಆಗುವಂತೆ ಅವಕ್ಕೂ ಬೆಳಗಾಯಿತು, ಕತ್ತಲಾಯಿತು. ಐದನೆಯ ದಿನ ಮಧ್ಯಾಹ್ನ ಕೊಬ್ಬರಿ ಅಟ್ಟಕ್ಕೆ ಏರಿಸಿದಳು. ಕಾಯಿ ವರ್ಷವಿಡೀ ಕೂತು ಒಳಗೊಳಗೇ ಒಣಗುವ ಜಾಗ ಅದು. ಗೋಣಿಚೀಲ ಮುಚ್ಚಿದ ಮೇಲೆ ಸೂಜಿಮೊನೆಯಷ್ಟೂ ಬೆಳಕು ಇರಲಿಲ್ಲ. ಕೊಬ್ಬರಿಗೆಲ್ಲ ಹುಳ ಹತ್ತಿಸುತ್ತೀಯಾ ಎಂದು ಗಂಡ ಪರಮೇಶ್ ಗೊಣಗಿದ, ಆದರೂ ಏಣಿ ಹಿಡಿದುಕೊಂಡ.

ಕೆಂಪು ಬೆಳಕು ಕಣಜದ ಕಣ್ಣಿಗೆ ಕಾಣದೆಂದು ಜ್ಞಾನೇಶ್ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ತಾವೇ ಹತ್ತಿ ಎಣಿಸಿದರು. ಸಂಜೆ ಏಳಕ್ಕೆ ಎರಡು ಕಣಜ ಹೊರಬಂದಿದ್ದವು. ಮಾರನೆಯ ಬೆಳಗ್ಗೆ ಐದಕ್ಕೂ ಅವೇ ಎರಡು, ಹೊಸದೊಂದೂ ಇಲ್ಲ. ಶಾಂತಕುಮಾರಿ ಕಾಫಿ ಕಾಯಿಸಿದಳು, ಸಕ್ಕರೆ ಹಾಕುವುದನ್ನು ಮರೆತಳು. ಅವರು ಅದನ್ನೇ ಕುಡಿದು ಎಂಟಕ್ಕೆ ಮತ್ತೆ ಹತ್ತಿದರು. ನಲವತ್ತೊಂದು. ಸಂಜೆಯವರೆಗೆ ಇನ್ನೂ ಮೂರು ಬಂದವು, ಮರುದಿನ ಬೆಳಗ್ಗೆ ಉಳಿದವೆಲ್ಲ.

ಆ ಕುರುಡುಗತ್ತಲಲ್ಲಿ ಬೆಳಗಾಯಿತೆಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಗಡಿಯಾರ ಅಳಿದಿರಲಿಲ್ಲ, ಹೊಂದಿಸಿಕೊಳ್ಳಲು ಒಂದು ರಾತ್ರಿ ಸಿಕ್ಕಿರಲಿಲ್ಲ ಅಷ್ಟೇ.

ಜ್ಞಾನೇಶ್ ಬಟ್ಟೆಗೆ ಹತ್ತಿದ ದೂಳು ಕೊಡವಿಕೊಂಡು, ತಳಿ ಇರಲಿ, ಇನ್ನು ಸಂಜೆ ಆರಕ್ಕೆ ಲೈಟು ಆರಿಸಿ ಎಂದರು. ಓದಿದ ತಮಗೇ ತಿಳಿಯದ್ದು ಆಕೆಗೆ ಹೇಗೆ ಗೊತ್ತಾಯಿತೆಂದು ಕೇಳಿದರು.

"ನಂಗೇನೂ ಗೊತ್ತಿರ್ಲಿಲ್ಲ ಸಾರ್," ಎಂದಳು ಶಾಂತಕುಮಾರಿ. "ಅವಕ್ಕೆ ಕತ್ಲೆ ಕೊಡ್ದೆ ಇದ್ದೋಳು ನಾನು. ನನ್ ತಪ್ಪಿಗೆ ಅವನ್ನ ಸಾಯ್ಸೋದಾ ಅಂತ ಒಂದ್ ದಿನಾನೂ ನಿದ್ದೆ ಹತ್ಲಿಲ್ಲ ಕಣ್ರೀ."