ಏಳನೇ ಮಾಳಿಗೆಗೆ ಹಾರಿ ಬಂದ ಮರಿಗಳು

ಹಸಿ ಬಣ್ಣದ ವಾಸನೆ ಬಂದರೆ ಉಳಿದವರು ಕಿಟಕಿ ಮುಚ್ಚುತ್ತಾರೆ, ನಾನು ತೆರೆಯುತ್ತೇನೆ. ಮೊನ್ನೆ ಠಾಕುರ್ಲಿಯ ನಮ್ಮ ಸೊಸೈಟಿಗೆ ಬಣ್ಣ ಬಳಿಯುವವರು ಬಂದಿದ್ದರು. ಅಡುಗೆಮನೆಯ ಕಿಟಕಿಯೆದುರು ಹಗ್ಗಕ್ಕೆ ಕಟ್ಟಿದ ಹಲಗೆಯೊಂದು ತೂಗುತ್ತಾ ಇಳಿದು ಬಂತು. ಅದರ ಮೇಲೆ ಕೂತಿದ್ದ ಮನುಷ್ಯ ಬಕೆಟ್ಟಿನೊಳಗೆ ಬ್ರಶ್ ಅದ್ದಿ ಎತ್ತಿದ ಕೂಡಲೇ ಆ ವಾಸನೆ ಒಳಗೆ ನುಗ್ಗಿತು. ನಾನು ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇರಬಹುದು, ಈಗಿಲ್ಲದ ಮನೆಯೊಂದರ ಬಾಗಿಲನ್ನು ಕೇಳದೆ ತೆರೆದುಬಿಡುವಂಥದ್ದು. ನನ್ನ ಪಾಲಿಗೆ ಆ ಮನೆ ಕಾಮೋಠೆಯಲ್ಲಿತ್ತು. ಮನೆ ಅನ್ನುವುದೂ ಹೆಚ್ಚೇ. ಏಳಂತಸ್ತಿನ ಕಟ್ಟಡವೊಂದು ಏಳುತ್ತಿದ್ದ ಜಾಗದಲ್ಲಿ, ಕೆಲಸಗಾರರಿಗೆಂದು ಸಾಲಾಗಿ ನಿಲ್ಲಿಸಿದ ತಗಡಿನ ಗೂಡುಗಳಲ್ಲಿ ಒಂದು.

ಅಲ್ಲಿ ನಾವು ಮೂವರಿದ್ದೆವು. ನಾನು, ಅವ್ವ, ಅವ್ವನ ತಮ್ಮ ದುರುಗಪ್ಪ ಮಾವ. ಅಪ್ಪ ತೀರಿಕೊಂಡ ಮೇಲೆ ಮಾವನೇ ನಮ್ಮಿಬ್ಬರನ್ನು ರಾಯಚೂರು ಕಡೆಯ ಹಳ್ಳಿಯಿಂದ ಹಿಂದಿಯಾಡುವ ಈ ಊರಿಗೆ ಕರೆತಂದಿದ್ದ. ಅವ್ವ ಇಟ್ಟಿಗೆ ಹೊರುತ್ತಿದ್ದಳು, ಮಾವ ಬಣ್ಣ ಬಳಿಯುತ್ತಿದ್ದ. ಸೈಟಿನ ಉಳಿದ ಗೂಡುಗಳೆಲ್ಲ ತುಕ್ಕಿನ ಬಣ್ಣದವು, ನಮ್ಮದು ಮಾತ್ರ ಪಟ್ಟೆಪಟ್ಟೆ. ಒಂದೊಂದು ಕಟ್ಟಡ ಮುಗಿದಾಗಲೂ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಮಾವ ತಂದು ತಗಡಿಗೆ ಬಳಿಯುತ್ತಿದ್ದ. ಹೀಗಾಗಿ ಒಂದು ಗೋಡೆಯಲ್ಲಿ ಪಿಸ್ತಾ, ಇನ್ನೊಂದರಲ್ಲಿ ತಿಳಿನೀಲಿ, ಒಲೆಯ ಹಿಂದೆ ಯಾವುದೋ ಆಸ್ಪತ್ರೆಯ ತಿಳಿಗುಲಾಬಿ. ಮಾವನ ಕಿವಿಯ ಸುರುಳಿಯಲ್ಲಿ ಯಾವಾಗಲೂ ಆ ವಾರದ ಬಣ್ಣ ಒಣಗಿರುತ್ತಿತ್ತು. ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಅವನು ಬಣ್ಣವನ್ನು ಎರಡು ಸಲ ಸೋಸುತ್ತಿದ್ದ. ಹಾಲು ಸೋಸುವಾಗಲೂ ಅವ್ವ ಅಷ್ಟು ಜೋಪಾನ ಮಾಡುತ್ತಿರಲಿಲ್ಲ.

ನೆಲದ ಮೇಲೆ, ಗೋಡೆಯ ಬಿರುಕಿಗೆ ಮೆತ್ತುವ ಪುಟ್ಟಿ ಕಲಸುವುದರಿಂದ ಶುರುಮಾಡಿ ಹಗ್ಗದ ಹಲಗೆಯವರೆಗೆ ಏರಲು ಮಾವನಿಗೆ ಒಂಬತ್ತು ವರ್ಷ ಹಿಡಿದಿತ್ತು. ಆ ತೂಗುವ ಹಲಗೆಗೆ ಅಲ್ಲಿನವರು ಝೂಲಾ ಅನ್ನುತ್ತಿದ್ದರು. ಝೂಲಾದ ಮೇಲೆ ಕೂತು ಹೊರಗೋಡೆಯ ಕೊನೆಯ ಕೋಟ್ ಬಳಿಯುವವನೆಂದರೆ ಸೈಟಿನಲ್ಲಿ ಒಂದು ಗತ್ತು. ಆದರೆ ಆ ವರ್ಷ ಮಳೆ ನಿಂತು ಬಿಸಿಲು ಬಿದ್ದ ಮೇಲೆ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಮುಖ ಮಾಡಿದ ಪಡುವಣ ಗೋಡೆಯಲ್ಲಿ ಕಂಟಕ ಶುರುವಾಯಿತು. ಮಾವ ಬಳಿದ ಕೆನೆಬಣ್ಣದ ಮೇಲೆ ಒಣಗುವಷ್ಟರಲ್ಲಿ ಕಪ್ಪು ಚುಕ್ಕಿಗಳು, ಕೂದಲಿನಂಥ ಎಳೆಗಳು. ಸೈಟಿನ ಇಂಜಿನಿಯರ್ ಸಾಹೇಬರು ಬೆರಳಾಡಿಸಿ ನೋಡಿ, ಬ್ರಶ್ ತೊಳೆಯದೆ ಕೊಳಕು ಬಣ್ಣ ಬಳಿದಿದ್ದಾನೆಂದರು. ಮಾವ ಅಷ್ಟೂ ಉಜ್ಜಿ ತೆಗೆದು ಮತ್ತೆ ಬಳಿದ. ಮತ್ತೆ ಅದೇ. ಮೂರನೇ ಸಲ ಸಾಹೇಬರು ಕೂಗಾಡಲೂ ಇಲ್ಲ. "ಏ ರಾಯಚೂರ್, ಸೋಮವಾರ್ ಸೆ ನೀಚೆ, ಪುಟ್ಟಿ ಪೆ," ಅಂದು ಹೋದರು. ಸೋಮವಾರದಿಂದ ಮಾವ ಹಲಗೆ ಬಿಟ್ಟು ಕೆಳಗೆ ಪುಟ್ಟಿ ಕಲಸಬೇಕೆಂಬುದನ್ನು ಎಲ್ಲರೂ ಕೇಳಿಸಿಕೊಂಡರು. ಆ ಸಂಜೆ ಮಾವ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. "ಸೀರಿ ತುಂಡಿನ್ಯಾಗ ಸೋಸಿದ್ದು ನಾನಾ ನೋಡೀನಲ್ಲೋ ತಮ್ಮಾ," ಎಂದು ಅವ್ವ ಮೆಲ್ಲಗೆ ಅಂದಳು.

ನನಗಾಗ ಎಂಟು ವರ್ಷ. ಶಾಲೆ ಮಧ್ಯಾಹ್ನದ ಪಾಳಿಯಲ್ಲಿತ್ತು, ಬೆಳಗ್ಗೆ ಒಲೆಗೆ ಪುಳ್ಳೆ ಆರಿಸಲು ಕಟ್ಟಡಕ್ಕೂ ಖಾಡಿಗೂ ನಡುವಿನ ಹುಲ್ಲಿಗೆ ಹೋಗುತ್ತಿದ್ದೆ. ಮರುದಿನ ಶುಕ್ರವಾರ. ಹುಲ್ಲು ನನ್ನ ಎದೆಯವರೆಗೆ ಬೆಳೆದಿತ್ತು, ಇಬ್ಬನಿ ಆಗಷ್ಟೇ ಆರುತ್ತಿತ್ತು. ಬಾಗಿದ ಗರಿಯೊಂದರ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಸಾಲುಗಟ್ಟಿ ಏರುವುದು ಕಂಡಿತು. ಕಣ್ಣು ಹತ್ತಿರ ಒಯ್ದರೆ ಜೇಡದ ಮರಿಗಳು. ತುದಿ ತಲುಪಿದ ಮರಿ ತನ್ನ ಎಂಟೂ ಕಾಲನ್ನು ನೆಟ್ಟಗೆ ಮಾಡಿ ತುದಿಗಾಲಲ್ಲಿ ನಿಂತು, ಹಿಂಭಾಗವನ್ನು ಆಕಾಶಕ್ಕೆ ಎತ್ತಿತು. ಅಲ್ಲಿಂದ ಒಂದು ಎಳೆ ಹೊರಟಿತು. ಬಿಸಿಲು ತಾಗಿದಾಗ ಮಾತ್ರ ಕಾಣುವಂಥದ್ದು. ಎಳೆ ಉದ್ದವಾಯಿತು, ಗಾಳಿಯಲ್ಲಿ ನಡುಗಿತು, ಮರಿ ಕಾಲು ಬಿಟ್ಟಿತು. ಹೋಯಿತು! ಅದರ ಹಿಂದೆ ನಿಂತದ್ದು ತುದಿಗೆ ಬಂತು. ನಾನು ತಲೆಯೆತ್ತಿ ನೋಡಿದೆ. ಬೆಳಕಿನ ಕೂದಲುಗಳು ಒಂದರ ಹಿಂದೊಂದು, ಮಾವನ ಗೋಡೆಯ ಕಡೆಗೇ ಏರುತ್ತಿದ್ದವು.

ಪುಳ್ಳೆ ಅಲ್ಲೇ ಚೆಲ್ಲಿ ಓಡಿದೆ. "ಮಾವಾ, ಜ್ಯಾಡದ ಮರಿ ಹಾರ್ತಾವ!" ಅಂದರೆ ಮಾವ, "ರೆಕ್ಕಿ ಇಲ್ದ ಹ್ಯಾಂಗ ಹಾರ್ತಾವಬೇ ಪಾರಿ?" ಅಂದ. "ದಾರ ಬಿಡ್ತಾವ, ಗಾಳಿ ಒಯ್ತೈತಿ." ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಗೋಡೆಗೆ ಹೋಗಿ ಒಣಗಿದ ಚುಕ್ಕಿಯೊಂದನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟು, ಬೆಂಕಿಕಡ್ಡಿಯ ತುದಿಯಿಂದ ಮೆಲ್ಲಗೆ ಬಿಡಿಸಿದ. ಕೆನೆಬಣ್ಣದೊಳಗಿಂದ ಒಂದು ಕಾಲು ಹೊರಬಂತು, ಇನ್ನೊಂದು ಬಂತು. ಅವನು ನಗಲಿಲ್ಲ. ಅಂಗೈಯನ್ನು ಹಾಗೇ ಮುಂದೆ ಚಾಚಿಕೊಂಡು ಸಾಹೇಬರ ಆಫೀಸಿಗೆ ನಡೆದ, ನಾನು ಹಿಂದೆ.

ಸಾಹೇಬರು ನಕ್ಕರು. ಜೇಡಕ್ಕೆ ರೆಕ್ಕೆ ಯಾವಾಗ ಬಂತು ಎಂದು ಕೇಳಿದರು. ಆಗ ಮಾವ, ಮೇಲಿನವರ ಎದುರು ದನಿ ಎತ್ತದವನು, ನೆಟ್ಟಗೆ ನಿಂತು ಅಂದ: "ಸಾಬ್, ಬ್ರಶ್ ಆಪ್ ಕಾ, ಡಬ್ಬಾ ಆಪ್ ಕಾ, ಹಾಥ್ ಭೀ ಆಪ್ ಕಾ. ಮೈ ಹಾಥ್ ನಹೀ ಲಗಾತಾ." ತಾನು ಮುಟ್ಟುವುದೇ ಇಲ್ಲ, ಸಾಹೇಬರೇ ಹೊಸ ಡಬ್ಬಿ ಒಡೆದು, ಹೊಸ ಬ್ರಶ್ಶಿನಿಂದ ಒಂದು ಪ್ಲೈವುಡ್ ಹಲಗೆಗೆ ಬಣ್ಣ ಬಳಿಯಲಿ, ಅದನ್ನು ಏಳನೇ ಮಾಳಿಗೆಯ ಎತ್ತರಕ್ಕೆ, ಗೋಡೆಗೆ ತಾಗದ ಹಾಗೆ ತೂಗಿಬಿಡಲಿ, ಚುಕ್ಕಿ ಬೀಳದಿದ್ದರೆ ತಾನಾಗಿಯೇ ಪುಟ್ಟಿಗೆ ಹೋಗುತ್ತೇನೆ ಎಂಬುದು ಮಾವನ ಸವಾಲು. ಸಾಹೇಬರು ಕೆಟ್ಟವರಲ್ಲ, ಆತುರದವರು. ಹಾಗಾಗಲಿ ಅಂದರು.

ಶನಿವಾರ ಮೋಡ. ಹಲಗೆ ತೂಗಿತು, ನಾನು ಹುಲ್ಲಿನಲ್ಲಿ ಕೂತೆ, ಒಂದು ಮರಿಯೂ ತುದಿಗೆ ಬರಲಿಲ್ಲ. ಎಲ್ಲ ಬುಡದಲ್ಲಿ ಗುಂಪಾಗಿ ಅಂಟಿಕೊಂಡಿದ್ದವು. ಬಣ್ಣ ಕನ್ನಡಿಯಂತೆ ಒಣಗಿತು. ಹಲಗೆ ಇಳಿದಾಗ ಸುತ್ತ ನಿಂತವರಲ್ಲಿ ಯಾರೋ ಸಿಳ್ಳೆ ಹಾಕಿದರು. ನನಗೆ ಅಳು ಬಂತು. ಸುಳ್ಳು ಹೇಳಿದವಳು ನಾನೇ ಅನ್ನಿಸಿತು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಸಾಹೇಬರನ್ನು ಇನ್ನೊಂದು ದಿನ ಕೇಳಿದ. "ನಮ್ ಹುಡುಗಿ ಕಣ್ಣಿಲೆ ನೋಡ್ಯಾಳ್ರಿ," ಅಂದ, ಅವರಿಗೆ ಕನ್ನಡ ಬರುವುದಿಲ್ಲ ಅನ್ನುವುದನ್ನೂ ಮರೆತು. ನನ್ನ ಮಾತನ್ನು ಅಷ್ಟು ಗಟ್ಟಿಯಾಗಿ ಯಾರೂ ಎತ್ತಿ ಹಿಡಿದಿರಲಿಲ್ಲ. ಸಾಹೇಬರಿಗೆ ಏನು ತಿಳಿಯಿತೋ, ತಲೆಯಾಡಿಸಿದರು.

ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಒಂಬತ್ತಕ್ಕೆ ಸಾಹೇಬರು ಮತ್ತೊಮ್ಮೆ ಹಲಗೆಗೆ ಬಣ್ಣ ಬಳಿದರು. ಹಲಗೆ ಮೇಲೆ ಹೋಯಿತು. ಹುಲ್ಲಿನ ತುದಿಗಳು ಬೆಚ್ಚಗಾದವು, ಖಾಡಿಯ ಕಡೆಯಿಂದ ಮೆಲ್ಲನೆ ಗಾಳಿ ಬಂತು, ಮರಿಗಳು ಏರತೊಡಗಿದವು. ಒಂದು ಗರಿಯಲ್ಲಲ್ಲ, ನೂರು ಗರಿಗಳಲ್ಲಿ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ: "ಹೊಂಟ್ವು ಮಾವಾ! ಹೊಂಟ್ವು!" ಅವ್ವ ಬುಟ್ಟಿ ಇಳಿಸಿ ಓಡಿ ಬಂದಳು. ಅವಳ ಹಿಂದೆ ಬಿಹಾರದವರು, ಕಲಬುರಗಿಯವರು, ಎಲ್ಲ ಬಂದರು. ಮುಂಜಾನೆಯ ಬಿಸಿಲಿಗೆ ಎದುರಾಗಿ ನಿಂತು ನೋಡಿದರೆ ಗಾಳಿಯ ತುಂಬ ಬೆಳ್ಳಿಯ ಎಳೆಗಳು. ಒಂದೊಂದರ ತುದಿಯಲ್ಲಿ ಒಂದೊಂದು ಜೀವ, ಊರು ಬಿಟ್ಟು ಹೊರಟದ್ದು. ಹಲಗೆ ಇಳಿಸಿದಾಗ ಅದರ ತುಂಬ ಚುಕ್ಕಿ. ಅಂಚಿನಲ್ಲಿ ಬಣ್ಣ ತಾಗದೆ ಉಳಿದಿದ್ದ ಒಂದು ಮರಿ ಸಾಹೇಬರ ತೋಳಿಗೆ ಹತ್ತಿತು. ಮೊಣಕೈಯವರೆಗೆ ನಡೆದು, ತುದಿಗಾಲಲ್ಲಿ ನಿಂತು, ಎಳೆ ಬಿಟ್ಟು, ಎಲ್ಲರ ಕಣ್ಣೆದುರೇ ಹಾರಿಹೋಯಿತು. ಸಾಹೇಬರು ಆ ಖಾಲಿ ಮೊಣಕೈಯನ್ನು ನೋಡುತ್ತಲೇ ಇದ್ದರು. ಆಮೇಲೆ ಬಿದ್ದು ಬಿದ್ದು ನಕ್ಕರು. "ದುರುಗಪ್ಪಾ," ಅಂದರು, ಮೊಟ್ಟಮೊದಲ ಬಾರಿಗೆ ಹೆಸರು ಹಿಡಿದು, "ಊಪರ್ ಜಾ." ಝೂಲಾ ಮತ್ತೆ ಮಾವನದಾಯಿತು. ಆಗ ಎದ್ದ ಕೇಕೆಗೆ ಖಾಡಿಯ ಬೆಳ್ಳಕ್ಕಿಗಳೆಲ್ಲ ಎದ್ದವು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಮಾವ ಲೆಕ್ಕಾಚಾರ ಬದಲಿಸಿದ. ಮರಿಗಳು ಹಾರುವ ಬೆಳಗಿನ ಹೊತ್ತು ಮೂಡಣ ಗೋಡೆ, ಅವು ನಿಂತ ಮೇಲೆ ಪಡುವಣ ಗೋಡೆ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ನಿಂತವು ಎಂದು ಹುಲ್ಲಿನಿಂದ ಕೂಗಿ ಹೇಳುವವಳು ನಾನು. ಕೊನೆಯ ದಿನ ಝೂಲಾ ಕಳಚಿದಾಗ ಇಡೀ ಸೈಟು ತಲೆಯೆತ್ತಿ ನಿಂತಿತ್ತು. ಏಳು ಅಂತಸ್ತಿನಲ್ಲಿ ಒಂದು ಕಲೆ ಇರಲಿಲ್ಲ. ಇಳಿಬಿಸಿಲಿಗೆ ಆ ಗೋಡೆ ಈಗಷ್ಟೇ ಕಡೆದ ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ಹತ್ತು ದಿನಕ್ಕೆ ನಮ್ಮ ಗೂಡುಗಳನ್ನು ಬಿಚ್ಚಿದರು. ಪಿಸ್ತಾ, ನೀಲಿ, ಗುಲಾಬಿ ತಗಡುಗಳು ಟೆಂಪೋದಲ್ಲಿ ಒಂದರ ಮೇಲೊಂದು ಮಲಗಿದವು, ನಾವು ರಬಾಳೆಯ ಹೊಸ ಸೈಟಿಗೆ ಹೋದೆವು. ಮಾವ ಆಮೇಲೂ ಎಷ್ಟೋ ವರ್ಷ ಹಗ್ಗದ ಮೇಲಿದ್ದ. ನನ್ನನ್ನು ಓದಿಸಿದ್ದು ಅವನೇ. ಅವನು ಹೋಗಿ ಆರು ವರ್ಷವಾಯಿತು.

ಹೋದ ಚಳಿಗಾಲ ಅವ್ವನನ್ನೂ ನನ್ನ ಮಗನನ್ನೂ ಕರೆದುಕೊಂಡು ಕಾಮೋಠೆಗೆ ಹೋಗಿದ್ದೆ. ಖಾಡಿಯ ಕಡೆ ಈಗ ಕಟ್ಟಡಗಳೇ. ಗೇಟಿನಲ್ಲಿ ವಾಚ್‌ಮನ್ ಯಾವ ಫ್ಲ್ಯಾಟಿಗೆ ಎಂದು ಕೇಳಿದ, ಹೇಳಲು ನಮ್ಮಲ್ಲಿ ನಂಬರ್ ಇರಲಿಲ್ಲ. "ನಮ್ ತಮ್ಮ ಬಣ್ಣ ಹಚ್ಚಿದ ಬಿಲ್ಡಿಂಗ್ ಐತಿ ಇದು," ಎಂದು ಅವ್ವ ನನಗೆ ಹೇಳುವಂತೆ ಗೊಣಗಿದಳು. ವಾಚ್‌ಮನ್ ಅವಳನ್ನೇ ನೋಡಿ, "ಒಳಗ ಬರ್ರಿ ಯವ್ವಾ," ಅಂದು ಗೇಟು ತೆರೆದ. ಗೂಡುಗಳಿದ್ದ ಕಡೆ ಸೊಸೈಟಿಯವರು ಹುಲ್ಲುಹಾಸು ಮಾಡಿ ಬೆಂಚು ಹಾಕಿದ್ದರು. "ಆಜೀ, ಯಹಾಂ ಕ್ಯಾ ಥಾ?" ಇಲ್ಲಿ ಮೊದಲು ಏನಿತ್ತೆಂದು ಮಗ ಅಜ್ಜಿಯನ್ನು ಕೇಳಿದ. ಅವ್ವ ಗೋಡೆಯಿಂದ ಹೆಜ್ಜೆ ಅಳೆಯುತ್ತಾ ನಡೆದು, ನಮ್ಮ ಗೂಡಿನ ಬಾಗಿಲಿದ್ದ ಕಡೆ ನಿಂತು, ಚಪ್ಪಲಿಗಳನ್ನು ಜೋಡಿಸಿ ಬಿಟ್ಟಳು. ತಗಡು ತಲೆಗೆ ತಾಗದ ಹಾಗೆ ಸ್ವಲ್ಪ ಬಗ್ಗಿ ಒಳಗೆ ಹೋದಳು.